ಕೊಡಗಿನ ಜೀಪಿಗೆ ಯಾವ ಆಂಟೆನಾ? ನನ್ನ ಓಟು ಗಿಡ್ಡದ್ದಕ್ಕೆ

ಮೊದಲೇ ಹೇಳಿಬಿಡುತ್ತೇನೆ. ಕೊಡಗಿನ ಗುಡ್ಡಗಾಡಲ್ಲಿ ಜೀಪು ಓಡಿಸುವವರು ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊ ಸೆಟ್‌ಗೆ ಆಂಟೆನಾ ತಗೊಳ್ಳುವಾಗ ಡಬ್ಬದ ಮೇಲಿರುವ ಡಿಬಿ (ಡೆಸಿಬೆಲ್, ಸಿಗ್ನಲ್ ಎಷ್ಟು ಜೋರು ಅನ್ನುವ ಲೆಕ್ಕ) ನಂಬರ್ ನೋಡಿ ಮರುಳಾಗಬೇಡಿ. ಅರ್ಧ ಮೀಟರ್ ಉದ್ದದ, ಬುಡದಲ್ಲಿ ಸ್ಪ್ರಿಂಗ್ ಇರುವ, ಸ್ಟೀಲ್ ಕಡ್ಡಿಯ ಸಾದಾ ಕ್ವಾರ್ಟರ್ ವೇವ್ ಆಂಟೆನಾ (ರೇಡಿಯೊ ಅಲೆಯ ಉದ್ದದ ಕಾಲು ಭಾಗದಷ್ಟಿರುವ ಕಡ್ಡಿ) ತಗೊಳ್ಳಿ. ಉಳಿದ ದುಡ್ಡನ್ನು ಒಳ್ಳೆ ಕೇಬಲ್‌ಗೂ ಗಟ್ಟಿ ಬ್ರಾಕೆಟ್‌ಗೂ ಹಾಕಿ. ನನ್ನ ಹಳೇ ಟಾರ್ಪಲ್ ಟಾಪಿನ ಜೀಪಿಗೂ ಜೊತೆಯವರ ಗಾಡಿಗಳಿಗೂ ಬೇರೆ ಬೇರೆ ಜಾತಿಯ ಆಂಟೆನಾ ಹಾಕಿ, ಮಳೆಗಾಲದಲ್ಲೂ ಬೇಸಿಗೆಯಲ್ಲೂ ಓಡಿಸಿ ನೋಡಿದ ಮೇಲೆ ಈ ಮಾತು ಬರೆಯುತ್ತಿದ್ದೇನೆ.

ಈಗ ಫೋನಿದೆ, ಇದೆಲ್ಲ ಯಾಕೆ ಅಂತ ಕೇಳುವವರು ಮಡಿಕೇರಿ ಟೌನ್ ಬಿಟ್ಟು ಸ್ವಲ್ಪ ಒಳಗೆ ಬರಬೇಕು. ಗಾಳಿಬೀಡು ದಾಟಿ ಕಾಲೂರು ಕಡೆಗೆ ಇಳಿದರೆ, ಮಾಂದಲಪಟ್ಟಿ ಏರಿನ ತಿರುವುಗಳಲ್ಲಿ, ತಡಿಯಂಡಮೋಳ್ ಬುಡದ ತೋಟಗಳಲ್ಲಿ, ಫೋನಿನ ಕಡ್ಡಿಗಳು ಒಂದೊಂದಾಗಿ ಉದುರುತ್ತವೆ. 2018ರ ಆಗಸ್ಟ್ ನೆನಪಿದೆ ಅಲ್ವಾ? ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಎಲ್ಲ ಕಡೆ ಗುಡ್ಡ ಜಾರಿತು, ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತು, ಕರೆಂಟೂ ಇಲ್ಲ ಫೋನೂ ಇಲ್ಲ ಅಂತ ಎಷ್ಟೋ ಊರುಗಳು ಕತ್ತಲಲ್ಲಿ ಕೂತವು. ಅವತ್ತಿನಿಂದ ನಮ್ಮ ಕಡೆ ಜೀಪಿನಲ್ಲಿ ಒಂದು ಸೆಟ್ ಇರಲಿ ಅನ್ನುವವರು ಜಾಸ್ತಿಯಾಗಿದ್ದಾರೆ. ಆದರೆ ಎಲ್ಲರೂ ಸೆಟ್ ಯಾವುದು, ಎಷ್ಟು ವಾಟ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆಯೇ ಹೊರತು ಆಂಟೆನಾ ಬಗ್ಗೆ ಯೋಚಿಸುವುದೇ ಇಲ್ಲ. ಅಂಗಡಿಯವನು ಕೊಟ್ಟಿದ್ದನ್ನು ತಗೊಂಡು ಬರುತ್ತಾರೆ.

ಲೈಸೆನ್ಸ್ ವಿಷಯ ಬೇಗ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. ನಾನಿಲ್ಲಿ ಮಾತಾಡುತ್ತಿರುವುದು ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳ ರೇಡಿಯೊ ಬಗ್ಗೆ. ಕೆಳಗಿನ ಫ್ರೀಕ್ವೆನ್ಸಿಯ ವಿಎಚ್‌ಎಫ್‌ನಲ್ಲಿ 144ರಿಂದ 146 ಮೆಗಾಹರ್ಟ್ಸ್, ಮೇಲಿನ ಫ್ರೀಕ್ವೆನ್ಸಿಯ ಯುಎಚ್‌ಎಫ್‌ನಲ್ಲಿ 434ರಿಂದ 438. ಇದಕ್ಕೆ ಪರೀಕ್ಷೆ ಬರೆದು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದಿಂದ ಲೈಸೆನ್ಸ್ ತಗೊಳ್ಳಲೇಬೇಕು. ಅದರಲ್ಲಿ ಜನರಲ್, ರಿಸ್ಟ್ರಿಕ್ಟೆಡ್ ಅಂತ ಎರಡು ದರ್ಜೆ ಇವೆ, ಜೀಪಿನಿಂದ ಜೀಪಿಗೆ ಮಾತಾಡಲು ರಿಸ್ಟ್ರಿಕ್ಟೆಡ್ ಧಾರಾಳ ಸಾಕು. ಹಾಗೇ ತೋಟದ ವ್ಯವಹಾರ, ಟೂರಿಸ್ಟ್ ಬಾಡಿಗೆಯ ಲೆಕ್ಕ ಇದರಲ್ಲಿ ಮಾತಾಡುವಂತಿಲ್ಲ. ಲೈಸೆನ್ಸ್ ಬೇಡ ಅನ್ನುವವರಿಗೆ 446.0ರಿಂದ 446.2 ಮೆಗಾಹರ್ಟ್ಸ್‌ನ ಸಣ್ಣ ವಾಕಿಟಾಕಿಗಳಿವೆ. ಆದರೆ ಅವುಗಳ ಆಂಟೆನಾ ಸೆಟ್‌ಗೇ ಸೇರಿಕೊಂಡಿರುತ್ತದೆ, ಬಿಚ್ಚಿ ಹೊರಗಿನದು ಹಾಕುವಂತಿಲ್ಲ. 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್‌ಗೂ 5 ವಾಟ್‌ವರೆಗೆ ಲೈಸೆನ್ಸ್ ಬೇಡ. ಆದರೆ ಅದರ ಪೂರ್ತಿ ಕ್ವಾರ್ಟರ್ ವೇವ್ ಕಡ್ಡಿ ಎರಡೂಮುಕ್ಕಾಲು ಮೀಟರ್ ಆಗುತ್ತದೆ. ತೋಟದ ರಸ್ತೆಯಲ್ಲಿ ಅದನ್ನು ಹೊತ್ತು ಓಡಾಡುವುದು ಆಗುವ ಕೆಲಸ ಅಲ್ಲ. ಆನ್‌ಲೈನ್‌ನಲ್ಲಿ ಯಾವ ಫ್ರೀಕ್ವೆನ್ಸಿ ಅಂತಲೂ ಹೇಳದೆ ಮಾರುತ್ತಿದ್ದ ವಾಕಿಟಾಕಿಗಳ ಮೇಲೆ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ನಿಯಮ ತಂದಿದೆ, ಅಂಥದ್ದನ್ನು ಮುಟ್ಟಲೇಬೇಡಿ.

ಈಗ ಅಸಲು ವಿಷಯ. ಮೊದಲು ಉದ್ದನೆಯ ಆಂಟೆನಾ. ಫೈಬರ್ ಕೋಲು, ಒಂದೂಕಾಲು ಮೀಟರಿಗೂ ಮಿಕ್ಕಿದ ಉದ್ದ, ನೋಡಲು ಗತ್ತು, ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಹೈ ಗೇನ್. ಕುಶಾಲನಗರದಿಂದ ಪಿರಿಯಾಪಟ್ಟಣ ಕಡೆ ಬಯಲಿನಲ್ಲಿ ಹೋಗುವಾಗ ಇದು ನಿಜಕ್ಕೂ ಚೆನ್ನಾಗಿ ಕೇಳಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಜೀಪು ಮಡಿಕೇರಿ ದಾಟಿ ಮಾಂದಲಪಟ್ಟಿ ಏರು ಹತ್ತಲು ಶುರು ಮಾಡಿದ್ದೇ ತಡ, ಹಿಂದಿನ ಗಾಡಿಯ ದನಿ ಬರುತ್ತದೆ ಹೋಗುತ್ತದೆ, ಬರುತ್ತದೆ ಹೋಗುತ್ತದೆ.

ಕಾರಣ ಇಷ್ಟೆ. ಆಂಟೆನಾ ತಾನೇ ಶಕ್ತಿ ಹುಟ್ಟಿಸುವುದಿಲ್ಲ, ಸೆಟ್ ಕೊಟ್ಟಿದ್ದನ್ನೇ ಹಂಚುತ್ತದೆ. ಟಾರ್ಚಿನ ಮೂತಿ ತಿರುಗಿಸಿದರೆ ಬೆಳಕು ಕಿರಿದಾಗಿ ದೂರ ಹೋಗುತ್ತದಲ್ಲ, ಗೇನ್ ಅಂದರೆ ಅದೇ. ಗೇನ್ ಜಾಸ್ತಿಯಾದಷ್ಟೂ ಮೇಲಕ್ಕೂ ಕೆಳಕ್ಕೂ ಹೋಗುವುದನ್ನು ಕಡಿಮೆ ಮಾಡಿ ಅಡ್ಡಕ್ಕೆ, ನೆಲದ ಉದ್ದಕ್ಕೆ ತಳ್ಳುತ್ತದೆ. ನೆಲ ಸಪಾಟಾಗಿದ್ದರೆ ಅದು ಲಾಭ. ನಮ್ಮಲ್ಲಿ ನೆಲ ಎಲ್ಲಿ ಸಪಾಟಾಗಿದೆ? ಒಂದು ಜೀಪು ಮೂತಿ ಮೇಲೆತ್ತಿಕೊಂಡು ಏರು ಹತ್ತುತ್ತಿರುತ್ತದೆ, ಇನ್ನೊಂದು ಕೆಳಗೆ ಹೊಳೆ ದಾಟುತ್ತಿರುತ್ತದೆ. ಮೇಲಿನ ಗಾಡಿಯ ಆಂಟೆನಾ ಹಿಂದಕ್ಕೆ ವಾಲಿರುತ್ತದೆ. ಅದರ ಕಿರಿದಾದ ಪಟ್ಟಿ ಮುಂದೆ ಆಕಾಶಕ್ಕೆ, ಹಿಂದೆ ಮಣ್ಣಿಗೆ ಬಡಿಯುತ್ತದೆ. ಗಿಡ್ಡ ಕ್ವಾರ್ಟರ್ ವೇವ್ ಅಷ್ಟು ದೂರ ಎಸೆಯುವುದಿಲ್ಲ, ಆದರೆ ಮೇಲೂ ಕೆಳಗೂ ಅಗಲವಾಗಿ ಹರಡುತ್ತದೆ, ಗಾಡಿ ವಾಲಿದರೂ ಸಂಪರ್ಕ ತಪ್ಪುವುದಿಲ್ಲ.

ಯೂಟ್ಯೂಬ್ ನೋಡಿ ಆಂಟೆನಾ ಆರಿಸುವವರು ಇದನ್ನು ಗಮನಿಸಬೇಕು. ಆಫ್‌ರೋಡ್ ರೇಡಿಯೊ ಬಗ್ಗೆ ಅಲ್ಲಿ ಸಿಗುವ ಸಲಹೆ ಬಹುಪಾಲು ಆಸ್ಟ್ರೇಲಿಯಾದ್ದು. ಅಲ್ಲಿ 477 ಮೆಗಾಹರ್ಟ್ಸ್ ಸುತ್ತ 80 ಚಾನೆಲ್‌ಗಳ ಯುಎಚ್‌ಎಫ್ ಸಿಬಿ (ಸಿಟಿಜನ್ ಬ್ಯಾಂಡ್) ಇದೆ, ಎದುರಿಗೆ ಮೈಲಿಗಟ್ಟಲೆ ಬಯಲು. ಆರು ಡಿಬಿಐ (ಗೇನ್ ಅಳೆಯುವ ಲೆಕ್ಕ) ಮೇಲಿನ ಉದ್ದ ಕೋಲು ಆ ಬಯಲಿಗೆ ಸರಿ. ಅಲ್ಲಿಯವರೇ ಬೆಟ್ಟಗಾಡಿಗೆ ಹೋಗುವಾಗ ಮೂರು ಡಿಬಿಐ ಆಸುಪಾಸಿನ ಗಿಡ್ಡದ್ದನ್ನು ಹಾಕಿ ಅಂತ ಹೇಳುತ್ತಾರೆ. ಇನ್ನೊಂದು ವಿಷಯ, 477ಕ್ಕೆ ಕತ್ತರಿಸಿದ ಆಂಟೆನಾ ನಮ್ಮ 145ಕ್ಕಾಗಲಿ 435ಕ್ಕಾಗಲಿ ಕೂರುವುದಿಲ್ಲ, ಆ ಫ್ರೀಕ್ವೆನ್ಸಿಯಲ್ಲಿ ಇಲ್ಲಿ ನಮಗೆ ಮಾತಾಡುವ ಅನುಮತಿಯೂ ಇಲ್ಲ. ಅಲ್ಲಿಂದ ತರಿಸಿಕೊಂಡರೆ ದುಡ್ಡು ದಂಡ.

ಮತ್ತೆ ಡಿಬಿ ಲೆಕ್ಕದಲ್ಲೂ ಒಂದು ಗೊಂದಲ ಇದೆ. ಒಬ್ಬ ಡಿಬಿಐ ಅಂತ ಬರೆಯುತ್ತಾನೆ, ಇನ್ನೊಬ್ಬ ಡಿಬಿಡಿ ಅಂತ ಬರೆಯುತ್ತಾನೆ, ಗೇನನ್ನು ಯಾವುದಕ್ಕೆ ಹೋಲಿಸಿ ಅಳೆದಿದ್ದು ಅನ್ನುವುದು ಬೇರೆ, ಎರಡಕ್ಕೂ 2.15 ವ್ಯತ್ಯಾಸ. 3 ಡಿಬಿಡಿ ಅಂದರೂ 5.15 ಡಿಬಿಐ ಅಂದರೂ ಒಂದೇ. ಬರೀ ಡಿಬಿ ಅಂತ ಬರೆದಿದ್ದರೆ ಆ ನಂಬರಿಗೆ ಬೆಲೆ ಕೊಡಬೇಡಿ.

ತೋಟದ ರಸ್ತೆ ಇನ್ನೊಂದು ಪರೀಕ್ಷೆ. ಸಿಲ್ವರ್ ಮರದ ಕೊಂಬೆ, ಹಾಲವಾಣದ ರೆಂಬೆ, ಜೋತುಬಿದ್ದ ಮೆಣಸಿನ ಬಳ್ಳಿ, ಬೇಲಿ ಬದಿಯ ಬಿದಿರು, ಎಲ್ಲವೂ ಆಂಟೆನಾಗೆ ಬಡಿಯುತ್ತಲೇ ಇರುತ್ತವೆ. ಫೈಬರ್ ಕೋಲು ಬಗ್ಗುವುದಿಲ್ಲ, ಬಡಿದ ಏಟೆಲ್ಲ ಬುಡಕ್ಕೆ ಹೋಗುತ್ತದೆ. ಜೊತೆಯವರ ಗಾಡಿಯಲ್ಲಿ ಬುಡದ ಹತ್ತಿರ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಆ ಬಿರುಕಿನಿಂದ ನೀರು ಒಳಗೆ ಇಳಿದು ಸೆಟ್ ಕಳಿಸಿದ ಪವರ್ ಗಾಳಿಗೆ ಹೋಗದೆ ಸೆಟ್‌ಗೇ ವಾಪಸ್ ಬರತೊಡಗಿತು. ಸ್ಟೀಲ್ ಕಡ್ಡಿ, ಕೆಳಗೆ ಸ್ಪ್ರಿಂಗ್ ಇದ್ದರೆ ಕೊಂಬೆ ತಾಗಿದಾಗ ಮಲಗುತ್ತದೆ, ಮತ್ತೆ ಎದ್ದು ನಿಲ್ಲುತ್ತದೆ. ಆದರೆ ಸ್ಪ್ರಿಂಗ್ ತೀರಾ ಮೆತ್ತಗಿರಬಾರದು. ಓಡುವಾಗ ಕಡ್ಡಿ ಹಿಂದಕ್ಕೆ ಮಲಗಿಕೊಂಡರೆ ದನಿ ಪಟಪಟ ಅನ್ನುತ್ತದೆ. ಕಡ್ಡಿಯನ್ನು ಹಗ್ಗ ಹಾಕಿ ಮುಂದಕ್ಕೆ ಬಗ್ಗಿಸಿ ಕಟ್ಟಿಕೊಂಡೇ ಮಾತಾಡುವವರೂ ಇದ್ದಾರೆ. ಅದೂ ಬೇಡ, ಎರಡೂ ಗಾಡಿಯ ಆಂಟೆನಾ ನೆಟ್ಟಗಿದ್ದರೇ ಚೆನ್ನಾಗಿ ಕೇಳಿಸುವುದು.

ದಯವಿಟ್ಟು ಇದೊಂದು ಮಾತು ಗಟ್ಟಿಯಾಗಿ ಕೇಳಿಸಿಕೊಳ್ಳಿ. ತೋಟಗಳ ಒಳಗೆ ಕರೆಂಟ್ ಲೈನು ಜೋತುಬಿದ್ದಿರುವ ಜಾಗಗಳಿವೆ, ಮಳೆಗಾಲದಲ್ಲಿ ಮರ ಒರಗಿ ಇನ್ನೂ ಕೆಳಗೆ ಬಂದಿರುತ್ತವೆ. ರೂಫ್ ಕ್ಯಾರಿಯರ್ ಮೇಲೆ ಉದ್ದ ಕೋಲು ನಿಲ್ಲಿಸಿಕೊಂಡು ಅದರಡಿ ಹೋಗುವುದು ಜೀವಕ್ಕೇ ಅಪಾಯ. ಗಿಡ್ಡ ಆಂಟೆನಾ ಹಾಕಿ ಅನ್ನಲು ನನಗೆ ಇದೊಂದೇ ಕಾರಣ ಸಾಕು.

ವಿಎಚ್‌ಎಫ್ ಬೇಕಾ ಯುಎಚ್‌ಎಫ್ ಬೇಕಾ ಅಂತ ಕೇಳುತ್ತಾರೆ. ನಮ್ಮ ಕಾಡಿಗೆ ವಿಎಚ್‌ಎಫ್. ಎಲೆ ಒದ್ದೆಯಾದಾಗ ಯುಎಚ್‌ಎಫ್ ಅನ್ನು ಜಾಸ್ತಿ ನುಂಗುತ್ತದೆ, ಗುಡ್ಡದ ಅಂಚಿನಲ್ಲಿ ಬಾಗಿ ಆಚೆ ಇಳಿಯುವುದರಲ್ಲೂ ವಿಎಚ್‌ಎಫ್‌ ಮುಂದು. ಎರಡೂ ಇರುವ ಡ್ಯುಯಲ್ ಬ್ಯಾಂಡ್ ಸೆಟ್ ಇದ್ದರೆ ಅರ್ಧ ಮೀಟರಿನ ಅದೇ ಕಡ್ಡಿ ಯುಎಚ್‌ಎಫ್‌ಗೂ ನಡೆಯುತ್ತದೆ. ಅಲ್ಲಿ ಅದು ಮುಕ್ಕಾಲು ವೇವ್ ಆಗಿ ಕೆಲಸ ಮಾಡುತ್ತದೆ, ಸ್ವಲ್ಪ ಮೇಲಕ್ಕೆ ಎಸೆಯುತ್ತದೆ, ಹತ್ತಿರದ ಮಾತಿಗೆ ತೊಂದರೆ ಇಲ್ಲ.

ದೂರದ ಬಗ್ಗೆ ಅಂಗಡಿಯವರು ಹೇಳುವ ಮಾತು ನಂಬಬೇಡಿ. ಪೂರಾ ಸಪಾಟು ನೆಲದಲ್ಲಿ, ನೆಲದಿಂದ ಎರಡು ಮೀಟರ್ ಎತ್ತರದಲ್ಲಿ ಆಂಟೆನಾ ಇರುವ ಎರಡು ಜೀಪುಗಳ ನಡುವೆ ನೇರ ದಾರಿ ಹನ್ನೊಂದು ಹನ್ನೆರಡು ಕಿಲೋಮೀಟರಿಗೆ ಮುಗಿಯುತ್ತದೆ, ಭೂಮಿಯೇ ಗುಂಡಗಿದೆಯಲ್ಲ. ನಮ್ಮಲ್ಲಿ ಅಷ್ಟರೊಳಗೆ ಎಷ್ಟು ಗುಡ್ಡ ಅಡ್ಡ ಬರುತ್ತವೋ. ಭಾಗಮಂಡಲದ ಸಂಗಮದ ಹತ್ತಿರ ತಗ್ಗಿನಲ್ಲಿ ನಿಂತರೆ ಐವತ್ತು ವಾಟ್ ಹಾಕಿದರೂ ಸುಮ್ನೆ, ಸುತ್ತ ಬೆಟ್ಟ. ಅಲ್ಲಿಂದ ತಲಕಾವೇರಿ ರಸ್ತೆ ಹತ್ತಿ ಮೇಲೆ ಹೋದರೆ ಐದು ವಾಟ್‌ನ ಕೈ ಸೆಟ್ಟೂ ಎಲ್ಲೆಲ್ಲಿಗೋ ಮುಟ್ಟುತ್ತದೆ. ಎತ್ತರ ಮಾಡುವ ಕೆಲಸವನ್ನು ಯಾವ ಆಂಟೆನಾವೂ ಮಾಡುವುದಿಲ್ಲ. ಇನ್ನು ತಗ್ಗಿನಲ್ಲಿ ದನಿ ಪೂರ್ತಿ ಸತ್ತರೆ ಜೀಪನ್ನು ಒಂದು ಮೀಟರ್ ಮುಂದಕ್ಕೋ ಹಿಂದಕ್ಕೋ ತಗೊಂಡು ನೋಡಿ. ಗುಡ್ಡಕ್ಕೆ ಬಡಿದು ಬಂದ ಅಲೆಗಳು ಒಂದನ್ನೊಂದು ಕಡಿದುಹಾಕಿದ ಜಾಗದಲ್ಲಿ ನೀವು ನಿಂತಿರುತ್ತೀರಿ. ಸ್ವಲ್ಪ ಸರಿದರೆ ಎಷ್ಟೋ ಸಲ ಚೊಕ್ಕವಾಗಿ ಬರುತ್ತದೆ.

ಮ್ಯಾಗ್ನೆಟ್ ಆಂಟೆನಾಗೆ ಬರೋಣ. ಟೌನ್‌ನಲ್ಲಿ ಓಡುವ ಕಾರಿಗೆ, ಕಬ್ಬಿಣದ ರೂಫ್ ಇರುವವರಿಗೆ ಪರವಾಗಿಲ್ಲ, ಬೇಕಾದಾಗ ಇಟ್ಟು ಬೇಡವಾದಾಗ ತೆಗೆಯಬಹುದು. ರೂಫಿನ ನಡುವೆ ಕೂರುವುದರಿಂದ ಸಿಗ್ನಲ್ಲೂ ಎಲ್ಲ ಕಡೆ ಸಮನಾಗಿ ಹೋಗುತ್ತದೆ. ತೋಟಕ್ಕೆ ಮಾತ್ರ ಬೇಡ. ಮೊದಲ ಗಟ್ಟಿ ಕೊಂಬೆಗೇ ಕಿತ್ತು ಬಂದು ಗಾಡಿಯ ಬದಿಗೆ ಜೋತಾಡುತ್ತದೆ. ಕೆಳಗೆ ಕೆಸರಿನ ಕಣ ಸೇರಿ ಪೇಂಟ್ ಉಜ್ಜಿಹೋಗುತ್ತದೆ, ಆಮೇಲೆ ಅಲ್ಲೇ ತುಕ್ಕು. ಕೇಬಲನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತೇವೆ, ಬಾಗಿಲು ಹಾಕಿ ಹಾಕಿ ಅದು ಒಳಗೇ ಚಪ್ಪಟೆಯಾಗುತ್ತದೆ. ಟಾರ್ಪಲ್ ಟಾಪು, ಫೈಬರ್ ಟಾಪು ಇರುವವರಿಗೆ ಅದು ಅಂಟುವುದೇ ಇಲ್ಲ. ಅಂಟಿಸಿ ಬೇರೆ ಇಟ್ಟರೂ ಕೆಲಸವಿಲ್ಲ, ಕ್ವಾರ್ಟರ್ ವೇವ್‌ಗೆ ಕೆಳಗೆ ಲೋಹದ ಹಾಳೆ ಬೇಕೇ ಬೇಕು. ಆಂಟೆನಾದ ಅರ್ಧ ಆ ಹಾಳೆಯೇ.

ಹಾಗಾದರೆ ಟಾರ್ಪಲ್ ಜೀಪಿನವರು ಏನು ಮಾಡಬೇಕು? ಎರಡು ದಾರಿ ಇದೆ. ಬಾನೆಟ್ ಮತ್ತು ಗಾಜಿನ ನಡುವಿನ ಮೂಲೆಯಲ್ಲಿ ಬ್ರಾಕೆಟ್ ಹಾಕಿ ಕ್ವಾರ್ಟರ್ ವೇವ್ ನಿಲ್ಲಿಸಬಹುದು, ಬಾನೆಟ್ ಲೋಹವೇ ಹಾಳೆಯಾಗುತ್ತದೆ. ಮೂಲೆಯಲ್ಲಿರುವುದರಿಂದ ಗಾಡಿಯ ಮೈ ಜಾಸ್ತಿ ಇರುವ ಕಡೆಗೆ ಸಿಗ್ನಲ್ ಸ್ವಲ್ಪ ಜೋರು, ಅಷ್ಟೇ ವ್ಯತ್ಯಾಸ. ಇಲ್ಲವಾದರೆ ಲೋಹದ ಹಾಳೆ ಬೇಡದ ಹಾಫ್ ವೇವ್ ಆಂಟೆನಾ ತಗೊಳ್ಳಿ, ಒಂದು ಮೀಟರ್ ಆಸುಪಾಸು ಇರುತ್ತದೆ, ಹಿಂದಿನ ಸ್ಟೆಪ್ನಿ ಬ್ರಾಕೆಟ್‌ಗೂ ಹಾಕಬಹುದು. ಜಪಾನಿನ ಡೈಮಂಡ್, ಕಾಮೆಟ್ ಕಂಪನಿಗಳವು ಇಂಥದ್ದರಲ್ಲಿ ಹೆಸರುವಾಸಿ, ಬೆಲೆ ಜಾಸ್ತಿ, ನಕಲೂ ಜಾಸ್ತಿ. ನನ್ನ ಜೀಪಿನಲ್ಲಿ ನಿಂತಿರುವುದು ಬಾನೆಟ್ ಮೂಲೆಯ ಗಿಡ್ಡದ್ದು. ಮುಂದೆ ಕೂತು ಓಡಿಸುವಾಗ ಕಡ್ಡಿ ಕಣ್ಣಿಗೆ ಬೀಳುತ್ತಿರುತ್ತದೆ, ಕೊಂಬೆ ಬಂದರೆ ಗೊತ್ತಾಗುತ್ತದೆ.

ಬ್ರಾಕೆಟ್ ಮಾಡಿಸಿದ್ದು ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ. "ಅಣ್ಣಾ, ತೆಳು ತಗಡು ಸಾಕು ಬಿಡಿ, ಇಷ್ಟುದ್ದ ಕಡ್ಡಿಗೆ ಏನು ಭಾರ?" ಅಂದ ಹುಡುಗ. ನಾನು ಮೂರು ಮಿಲಿಮೀಟರ್ ಸ್ಟೀಲೇ ಹಾಕಿಸಿದೆ. ಭಾರ ಅಲ್ಲ ಇಲ್ಲಿ ವಿಷಯ, ಅಲುಗಾಟ. ಕಲ್ಲು ರಸ್ತೆಯಲ್ಲಿ ತೆಳು ತಗಡು ನಡುಗಿ ನಡುಗಿ ಬೋಲ್ಟಿನ ತೂತಿನ ಹತ್ತಿರವೇ ಸೀಳುತ್ತದೆ. ಅದಕ್ಕಿಂತ ಮುಖ್ಯ, ಬ್ರಾಕೆಟ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಬರಿ ಲೋಹ ಕಾಣಬೇಕು. ಸ್ಯಾಂಡ್ ಪೇಪರ್‌ನಲ್ಲಿ ಒಂದು ರೂಪಾಯಿ ನಾಣ್ಯದಗಲ ಹೊಳೆಯುವ ಹಾಗೆ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಬಳಿಯಬೇಕು. ಆಮೇಲೆ ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ರಾಕೆಟ್‌ಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಇಟ್ಟು ನೋಡಿ, ಬೀಪ್ ಬರಲೇಬೇಕು. ಇದನ್ನು ಮಾಡದೆ ಆಂಟೆನಾ ಸರಿಯಿಲ್ಲ ಅಂತ ವಾಪಸ್ ಕೊಡಲು ಹೋದವರನ್ನು ನೋಡಿದ್ದೇನೆ.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಅಗ್ಗದ ಆಂಟೆನಾ ಜೊತೆ ಬರುವ ತೆಳ್ಳನೆಯ ಆರ್‌ಜಿ-174 ಐದು ಮೀಟರ್ ಇದ್ದರೆ ಯುಎಚ್‌ಎಫ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಪವರ್ ಕೇಬಲ್‌ನಲ್ಲೇ ಕರಗುತ್ತದೆ. ಅದೇ ಉದ್ದದ, ಅದಕ್ಕಿಂತ ದಪ್ಪನೆಯ ಆರ್‌ಜಿ-58 ಕೇಬಲ್‌ನಲ್ಲಿ ಮೂರರಲ್ಲಿ ಒಂದು ಪಾಲು ಹೋಗುತ್ತದೆ, ವಿಎಚ್‌ಎಫ್‌ನಲ್ಲಿ ಅದಕ್ಕಿಂತ ಕಡಿಮೆ. ಡಬ್ಬದ ಮೇಲೆ ಎರಡು ಡಿಬಿ ಜಾಸ್ತಿ ಇರುವುದಕ್ಕೆ ದುಡ್ಡು ಕೊಟ್ಟು, ಅದನ್ನೇ ಕೇಬಲ್‌ನಲ್ಲಿ ಕಳೆದರೆ ಏನು ಬಂತು? ಬೇಕಾದಷ್ಟೇ ಉದ್ದ ಇಟ್ಟು ಕತ್ತರಿಸಿ. ಸೀಟಿನಡಿ ಸುತ್ತಿ ಬಿಡಬೇಡಿ.

ನಮ್ಮ ಮಳೆಯಲ್ಲಿ ಆಂಟೆನಾ ಸಾಯುವುದು ಹೆಚ್ಚಾಗಿ ಕನೆಕ್ಟರ್‌ನಲ್ಲಿ. ಮಳೆಗಾಲ ಕಳೆದ ಮೇಲೆ ಬುಡದ ಕನೆಕ್ಟರ್ ಬಿಚ್ಚಿ ನೋಡಿ. ಸೀಲ್ ಮಾಡದೆ ಬಿಟ್ಟಿದ್ದರೆ ನಡುವಿನ ಪಿನ್ ಸುತ್ತ ಹಸಿರು ಪುಡಿ ಕೂತಿರುತ್ತದೆ, ಹೊರಗಿನ ಜಾಲರಿ ತಂತಿ ಕಪ್ಪಾಗಿರುತ್ತದೆ. ಚಾಕುವಿನಲ್ಲಿ ಸಿಪ್ಪೆ ಸ್ವಲ್ಪ ಸೀಳಿದರೆ ಆ ಕಪ್ಪು ಒಳಗೆ ಗೇಣುದ್ದ ಹೋಗಿರುವುದು ಕಾಣುತ್ತದೆ, ನೀರು ಜಾಲರಿ ಹಿಡಿದು ಒಳಗೆ ಏರಿರುತ್ತದೆ. ಅಷ್ಟು ಕೇಬಲ್ ಕತ್ತರಿಸಿ ಎಸೆಯುವುದೇ ದಾರಿ. ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಸಾದಾ ಇನ್ಸುಲೇಷನ್ ಟೇಪ್ ಹಾಕಿದರೆ ಒಂದು ಮಳೆಗಾಲ ಧಾರಾಳವಾಗಿ ತಡೆಯುತ್ತದೆ. ಕೇಬಲ್ ಗಾಡಿಯೊಳಗೆ ಹೋಗುವ ಮುಂಚೆ ಒಂದು ಕಡೆ ಕೆಳಕ್ಕೆ ಜೋತುಬೀಳುವ ಹಾಗೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕೊನೆಗೆ ಅಳತೆ. 145ಕ್ಕೆ ಕಡ್ಡಿ 49 ಸೆಂಟಿಮೀಟರ್ ಆಸುಪಾಸು ಬರುತ್ತದೆ, ಆದರೆ ಪ್ರತಿ ಗಾಡಿಗೂ ಸ್ವಲ್ಪ ಬದಲಾಗುತ್ತದೆ. ಎಸ್‌ಡಬ್ಲ್ಯೂಆರ್ ಮೀಟರ್ (ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬರುತ್ತದೆ ಅಂತ ಗೊತ್ತುಮಾಡುವುದು) ಹಾಕಿ, ಗಾಡಿಯನ್ನು ಮರ, ಗೋಡೆ, ಶೀಟಿನ ಶೆಡ್‌ನಿಂದ ದೂರ ನಿಲ್ಲಿಸಿ ನೋಡಬೇಕು. ಬೇಕಾದ್ದಕ್ಕಿಂತ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಚೆನ್ನಾಗಿ ಬರುತ್ತಿದ್ದರೆ ಕಡ್ಡಿ ಉದ್ದ ಜಾಸ್ತಿ, ಒಂದೆರಡು ಮಿಲಿಮೀಟರ್ ಕತ್ತರಿಸಿ ಮತ್ತೆ ನೋಡಿ. ಮೀಟರ್ 1.5ಕ್ಕೆ ಬಂದರೆ ವಾಪಸ್ ಬರುವುದು ನೂರಕ್ಕೆ ನಾಲ್ಕು ಪಾಲು, ಅಲ್ಲಿಗೆ ಬಿಟ್ಟುಬಿಡಿ. ಎರಡಕ್ಕೆ ಹನ್ನೊಂದು ಪಾಲು, ಅದೂ ನಡೆಯುತ್ತದೆ. ಮೂರು ತೋರಿಸಿದರೆ ಕಾಲು ಭಾಗ ವಾಪಸ್, ಆಗ ಮಾತಾಡಬೇಡಿ, ಸೆಟ್ ಸುಡಬಹುದು. ಮೊದಲು ಅರ್ಥಿಂಗ್, ಅಂದರೆ ಬ್ರಾಕೆಟ್ ಗಾಡಿಯ ಲೋಹಕ್ಕೆ ಸರಿಯಾಗಿ ತಾಗಿದೆಯಾ ಅಂತ ನೋಡಿ, ಆಮೇಲೆ ಕಡ್ಡಿ.

ಗಾಡಿಯ ಎಫ್‌ಎಂ ಆಂಟೆನಾವನ್ನು ಹಾಗೇ ಬಿಡಿ, ಅದಕ್ಕೆ ಈ ಸೆಟ್ ಜೋಡಿಸಬೇಡಿ. ಮಡಿಕೇರಿ ಆಕಾಶವಾಣಿಯ 103.1 ಕೇಳಲು ಅದೇ ಬೇಕು, ಮಳೆಗಾಲದಲ್ಲಿ ಊರಿನ ಸುದ್ದಿ ಅಲ್ಲಿ ಸಿಗುತ್ತದೆ.

ತಗೊಳ್ಳುವಾಗ ಅಂಗಡಿಯವರಿಗೆ ಎರಡು ಪ್ರಶ್ನೆ ಕೇಳಿ. ನನ್ನ ಗಾಡಿಯಲ್ಲೇ ಹಾಕಿ ಮೀಟರ್ ತೋರಿಸುತ್ತೀರಾ? ಬರೀ ಕಡ್ಡಿ ಬೇರೆಯಾಗಿ ಸಿಗುತ್ತದಾ? ನಾನು ತಗೊಂಡ ಕಡೆ ಎರಡಕ್ಕೂ ಹೌದು ಅಂದರು, ಬಾಗಿಲ ಮುಂದೆಯೇ ಜೀಪು ನಿಲ್ಲಿಸಿ ಅಳೆದು ಕೊಟ್ಟರು. ಒಂದು ಕಡ್ಡಿಯನ್ನು ಆಗಲೇ ಅದೇ ಅಳತೆಗೆ ಕತ್ತರಿಸಿಕೊಂಡು ಸೀಟಿನ ಹಿಂದೆ ಇಟ್ಟಿದ್ದೇನೆ. ತೋಟದೊಳಗೆ ಮುರಿದರೆ ಅಲೆನ್ ಕೀ ಒಂದಿದ್ದರೆ ಸಾಕು, ಬದಲಾಯಿಸಲು ಐದು ನಿಮಿಷ.